ರಾಗಿ ಡಬ್ಬಿಯ ಲೈಟಿನ ಹಿಂದೆ ಶ್ರೀನಿವಾಸಪುರಕ್ಕೆ

ಟೇಕಲ್‌ನಲ್ಲಿ ಹತ್ತು ಗಂಟೆಯ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ನೀರಿನ ಬಾಟಲಿ, ಆಧಾರ್ ಕಾರ್ಡು ಮತ್ತು ನಾಲ್ಕು ಚಕ್ಕುಲಿ ಇದ್ದವು. ರಾತ್ರಿ ಊಟಕ್ಕೆ ಬರುತ್ತೇನೆಂದು ಸೊಸೆಗೆ ಹೇಳಿದ್ದೆ. ಯಾಕೆ ಹೋಗುತ್ತಿದ್ದೇನೆಂದು ಹೇಳಿರಲಿಲ್ಲ.

ನಾನು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತು ಎರಡು ತಿಂಗಳಾಗಿದೆ. ಹೊಸದಾಗಿ ಕಲಿತ ಬೆರಳು ಸುಮ್ಮನಿರುವುದಿಲ್ಲ. ನಸುಕಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ನಾವೆಲ್ಲ ತಲೆಗೆ ಲೈಟು ಕಟ್ಟಿಕೊಳ್ಳುತ್ತೇವೆ. ಹೋದ ವಾರದ ಮಳೆಗೆ ಎಲ್ಲರ ಲೈಟೂ ನೆನೆದವು. ನೆಂಟರ ವಾಟ್ಸಾಪ್ ಗುಂಪಿಗೆ ನಾನು ಹೀಗೆ ಬರೆದೆ: ‘ನೆನೆದ ಲೈಟನ್ನು ರಾಗಿ ಡಬ್ಬಿಯಲ್ಲಿ ಹೂತು, ಪೂರ್ವಕ್ಕೆ ಮುಖ ಮಾಡಿ ಮೂರು ದಿನ ಇಡಿ. ಆಮೇಲೆ ಚಾರ್ಜಿಗೆ ಹಾಕಿ.’ ಫೋನನ್ನು ಅಕ್ಕಿಯಲ್ಲಿ ಇಡುತ್ತಾರೆಂದು ಎಲ್ಲೋ ಕೇಳಿದ್ದೆ. ನಮ್ಮ ಕಡೆ ರಾಗಿಯಲ್ಲವೇ ಅಂತ ರಾಗಿ ಮಾಡಿದೆ. ಮೂರು ದಿನ, ಪೂರ್ವ ದಿಕ್ಕು, ಎರಡೂ ಗತ್ತಿಗೆ ಸೇರಿಸಿದ್ದು.

ಬಸ್ಸು ಹತ್ತಿದ ಆ ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ, ರಾತ್ರಿಯೆಲ್ಲ ಚಾರ್ಜಿಗಿಟ್ಟ ನನ್ನ ಲೈಟಿನ ಬೆನ್ನು ಬೋಂಡದ ಹಾಗೆ ಉಬ್ಬಿತ್ತು. ಒಂಥರಾ ಸಿಹಿ ವಾಸನೆ. ಸ್ಟೇಷನ್ ಹತ್ತಿರ ರಿಪೇರಿ ಅಂಗಡಿಯಿಟ್ಟಿರುವ ಬಾಬಾಜಾನ್ ಅದನ್ನು ನೋಡಿದ್ದೇ ಹೊರಗೆ ಒಯ್ದು, ಮರಳು ತುಂಬಿದ ಬಕೆಟ್ಟಿನಲ್ಲಿ ಇಟ್ಟ. ಮೂರು ದಿನ ರಾಗಿಯಲ್ಲಿಟ್ಟಿದ್ದನ್ನು ಹೇಳಿದೆ.

‘ಇನ್ಮೇಲೆ ಇಂಥದನ್ನ ಒತ್ತಬೇಡಿ, ಬಿಚ್ಚಬೇಡಿ, ಒಲೆಗಂತೂ ಎಸೀಬೇಡಿ ಅಮ್ಮಾ. ಒಳಗೆ ನೀರು ಹೋಗೈತೆ, ಮೇಲೆ ಚಾರ್ಜು ಬೇರೆ. ರಾಗಿಗೆ ಹಾಕು ಅಂತ ಯಾರು ಹೇಳಿದ್ದು?’

‘ಯಾರೋ ಮುದುಕಿ ಬರ್ದಿದ್ಲಪ್ಪ.’

‘ಆ ಮುದುಕಿಗೆ ಹೇಳಿ, ರಾಗಿ ಮುದ್ದೆಗೆ ಮಾತ್ರ ಅಂತ. ನೆನೆದ್ರೆ ಒರೆಸಿ, ಚಾರ್ಜು ತೂತಿನ ರಬ್ಬರು ತೆಗೆದು ಗಾಳಿಗಿಡ್ಬೇಕು. ಬಿಸಿಲಿಗಲ್ಲ. ಒಳಗೆ ಹನಿ ಕಂಡ್ರೆ ಚಾರ್ಜಿಗೆ ಹಾಕದೆ ನನ್ನತ್ರ ತನ್ನಿ. ಚಾರ್ಜು ಮಾಡೋವಾಗ ಬರೀ ನೆಲದ ಮೇಲೆ ಇಡಿ. ಸುತ್ತ ಒಣಗಿದ್ದೇನೂ ಇರಬಾರ್ದು, ಹತ್ರ ಯಾರಾದ್ರೂ ಎದ್ದಿರ್ಬೇಕು.’

ಅಲ್ಲಿಯೇ ನಿಂತು ಫೋನು ತೆಗೆದೆ. ನನ್ನ ಮಾತು ಕೇಳಿ ರಾಗಿಗೆ ಹಾಕಿದವರು ಇನ್ನಿಬ್ಬರಿದ್ದರು. ಮುಳಬಾಗಿಲಿನ ತಂಗಿ ಫೋನೆತ್ತಿದಳು, ಇನ್ನೂ ಚಾರ್ಜಿಗೆ ಹಾಕಿರಲಿಲ್ಲ. ಇನ್ನೊಬ್ಬಳು ಶ್ರೀನಿವಾಸಪುರದ ಆಚೆ ತೋಟದ ಮನೆಯಲ್ಲಿರುವ ನನ್ನ ನಾದಿನಿ ಚೌಡಮ್ಮ. ಅತ್ತಿಗೆಯಾದ ನನ್ನನ್ನು ಅವಳು ತೆಲುಗಿನಲ್ಲಿ ವದಿನಾ ಅನ್ನುತ್ತಾಳೆ. ಅವಳ ಫೋನು ಸ್ವಿಚ್ ಆಫ್. ಅವಳು ಮೂರು ದಿನದ ಹಿಂದೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದನ್ನು ಮತ್ತೆ ಹಾಕಿ ಕೇಳಿದೆ: ‘ಹುಳದ ಮನೇಲೇ ಪ್ಲಗ್ಗೈತೆ ವದಿನಾ. ಬುಧವಾರ ಎರಡು ಗಂಟೆಗೆ ಕರೆಂಟು ಬಂದೇಟ್ಗೆ ಚಂದ್ರಿಕೆಗೆ ನೇತಾಕಿ, ಅಲ್ಲೇ ಒಂದು ನಿದ್ದೆ ತೆಗೀತೀನಿ.’ ಚಂದ್ರಿಕೆಯೆಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಒಣಗಿ ಗರಿಗರಿಯಾಗಿರುತ್ತದೆ. ಅದರ ಪಕ್ಕದಲ್ಲಿ ಮಲಗುವವಳು ಚೌಡಮ್ಮ.

ನಲವತ್ತು ವರ್ಷದಲ್ಲಿ ಅವಳು ನನ್ನ ಮಾತು ಕೇಳಿದವಳಲ್ಲ. ಸಾರಿಗೆ ಹುಣಸೆಹಣ್ಣು ಹಾಕು ಎಂದರೆ ಮಾವಿನಕಾಯಿ ಹಾಕುತ್ತಾಳೆ. ಕೇಳಿದ್ದು ಇದೊಂದನ್ನೇ. ಗುಂಪಿನಲ್ಲಿ ತಪ್ಪಾಯಿತೆಂದು ಬರೆಯಲು ನಾಚಿಕೆಯಾಯಿತು. ಹೋಗಿ ಸದ್ದಿಲ್ಲದೆ ಸರಿಮಾಡಿ ಬರೋಣವೆಂದುಕೊಂಡೆ.

ಬಸ್ಸು ವಕ್ಕಲೇರಿಯಲ್ಲಿ ಹತ್ತು ನಿಮಿಷ ನಿಂತಿತು. ಡ್ರೈವರು ಟೀ ಕುಡಿದ. ಕೋಲಾರ ಮುಟ್ಟಿದಾಗ ಹನ್ನೊಂದೂಮುಕ್ಕಾಲು. ಶ್ರೀನಿವಾಸಪುರದ ಸರ್ಕಾರಿ ಬಸ್ಸು ಆಗಷ್ಟೇ ಹೋಗಿತ್ತು. ಒಂದು ಗಂಟೆ ಕಾದು ಮುಂದಿನದನ್ನು ಹತ್ತಿದೆ. ಹೆಂಗಸರಿಗೆ ಟಿಕೆಟ್ಟು ಸೊನ್ನೆ ರೂಪಾಯಿ, ಕೂರಲು ಜಾಗವೂ ಹೆಚ್ಚುಕಮ್ಮಿ ಅಷ್ಟೇ. ನರಸಾಪುರದ ಕಂಪನಿಯಲ್ಲಿ ಶಿಫ್ಟು ಮುಗಿಸಿ ಬರುತ್ತಿದ್ದ ಹುಡುಗಿಯೊಬ್ಬಳು ಒತ್ತರಿಸಿಕೊಂಡು ಕೂರಿಸಿಕೊಂಡಳು. ನಾನು ಮತ್ತೆ ಮತ್ತೆ ಫೋನು ಮಾಡುತ್ತಿದ್ದುದನ್ನು ನೋಡಿ ಕೇಳಿದಳು.

‘ಯಾರಿಗಾದ್ರೂ ಹುಷಾರಿಲ್ವಾ ಅಜ್ಜಿ?’

‘ಜನ ಹುಷಾರಾಗೇ ಅವ್ರೆ ಕಣಮ್ಮ. ನಾನು ಬರ್ದಿದ್ದಕ್ಕೇ ಕಾಯ್ಲೆ ಬಂದೈತೆ.’

ಅವಳು ನಗಲಿಲ್ಲ. ಚಕ್ಕುಲಿ ಕೊಟ್ಟೆ, ಅರ್ಧ ತಿಂದು ನನ್ನ ಭುಜದ ಮೇಲೆ ನಿದ್ದೆ ಹೋದಳು. ಕಿಟಕಿಯಾಚೆ ಮಾವಿನ ತೋಪುಗಳು ಸಾಗುತ್ತಲೇ ಇದ್ದವು. ಬೇರೆ ದಿನವಾಗಿದ್ದರೆ ಚೆನ್ನಾಗಿದೆ ಅನ್ನುತ್ತಿದ್ದೆ.

ಶ್ರೀನಿವಾಸಪುರದಲ್ಲಿ ಇಳಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಆರು ಕಿಲೋಮೀಟರಿಗೆ ಆಟೋದವನು ನೂರೈವತ್ತು ಕೇಳಿದ. ಚೌಕಾಸಿ ಮಾಡದೆ ಹತ್ತಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ತೋಟದ ಗೇಟಿನ ಬಳಿ ಇಳಿಯುವಾಗಲೇ ಬೋರ್‌ವೆಲ್ಲಿನ ಮೋಟರು ಗುಂಯ್‌ಗುಡುತ್ತಿತ್ತು. ಕರೆಂಟು ಬಂದಿತ್ತು.

ಮಂಡಿ ನೋವು ಮರೆತು ಹುಳದ ಮನೆಗೆ ಓಡಿದೆ. ಚಂದ್ರಿಕೆಗಳ ಪಕ್ಕ ಚೌಡಮ್ಮ ಕಾಲು ಚಾಚಿ ಕೂತಿದ್ದಳು. ಚಾರ್ಜರ್ ವೈರು ಪ್ಲಗ್ಗಿನಲ್ಲಿತ್ತು. ಒಂದು ಕೈಯಲ್ಲಿ ಲೈಟು, ಇನ್ನೊಂದರಲ್ಲಿ ಪಿನ್ನು. ಚಾರ್ಜು ತೂತನ್ನು ಕೆದಕುತ್ತಿದ್ದಳು.

‘ರಾ ವದಿನಾ. ನೀನು ಬರ್ದಂಗೇ ಪೂರ್ವಕ್ಕೆ ಇಟ್ಟಿದ್ದೆ. ತೂತಲ್ಲಿ ರಾಗಿಕಾಳು ಸಿಕ್ಕಂಡು ವೈರೇ ಹೋಗ್ತಿಲ್ಲ ನೋಡು.’

ಮೊದಲು ಸ್ವಿಚ್ಚು ಆರಿಸಿ, ಆಮೇಲೆ ಅವಳ ಕೈಯಿಂದ ಪಿನ್ನು ತೆಗೆದುಕೊಂಡೆ. ಲೈಟಿನ ಬೆನ್ನು ಆಗಲೇ ಸ್ವಲ್ಪ ಎದ್ದಿತ್ತು. ಹೊರಗೆ ಒಯ್ದು, ಒಡೆದ ಮಡಕೆಯಲ್ಲಿ ಮರಳು ಹಾಕಿ ಇಟ್ಟು ಬಂದು, ಬಾಬಾಜಾನ್ ಹೇಳಿದ್ದನ್ನೆಲ್ಲ ಹೇಳಿದೆ. ಕೊನೆಗೆ ಹೇಳಬೇಕಾದದ್ದನ್ನೂ ಹೇಳಿದೆ.

‘ತಪ್ಪು ನಂದು ಕಣೇ ಚೌಡಿ. ಗೊತ್ತಿಲ್ದೆ ಬರ್ದೆ.’

ಅವಳು ಮಡಕೆಯನ್ನೂ ಚಂದ್ರಿಕೆಗಳನ್ನೂ ನೋಡಿದಳು.

‘ಜೀವಮಾನ್ದಲ್ಲಿ ಒಂದೇ ಒಂದು ಸಲ ನಿನ್ನ ಮಾತು ಕೇಳ್ದೆ’ ಎಂದಳು. ಆಮೇಲೆ, ‘ನಸುಕಿನ ಸೊಪ್ಪಿಗೇನು ಮಾಡ್ಲಿ? ಲೈಟಿಲ್ಲ.’

ಬೆಳಕಿರುವಾಗಲೇ ಇಬ್ಬರೂ ಕೊಯ್ದೆವು. ಬೆಳಗಿನ ಪಾಲನ್ನು ಒದ್ದೆ ಗೋಣಿಚೀಲದಡಿ ಇಟ್ಟೆವು. ನನ್ನ ಸೊಂಟ ಹೋಯಿತು. ಅವಳು ಅಯ್ಯೋ ಅನ್ನಲಿಲ್ಲ, ಮುದ್ದೆಯ ಮೇಲೆ ತುಪ್ಪ ಮಾತ್ರ ಎರಡು ಸಲ ಹಾಕಿದಳು. ಉಂಡ ಮೇಲೆ, ಅಷ್ಟರಲ್ಲಿ ಚಾರ್ಜಾಗಿದ್ದ ತನ್ನ ಫೋನನ್ನು ನನ್ನ ಕೈಗಿಟ್ಟಳು.

‘ಮಿಕ್ಕೋರೂ ಹಾಕ್ಬುಟ್ಟಾರು. ಈಗ್ಲೇ ಬರಿ. ನನ್ನ ಹೆಸ್ರಲ್ಲಿ ಬರಿ. ನಿನ್ನ ಹೆಸ್ರು ಕಂಡ್ರೆ ಇನ್ನು ಯಾರು ನಂಬ್ತಾರೆ?’

ಒಂದೊಂದೇ ಅಕ್ಷರ ಒತ್ತಿದೆ. ರಾಗಿ ಬೇಡ. ಗಾಳಿಗಿಡಿ. ಉಬ್ಬಿದ್ದನ್ನು ಮುಟ್ಟಿ ಒತ್ತಬೇಡಿ. ಮಲಗುವಾಗ ಚಾರ್ಜಿಗೆ ಬೇಡ. ಕೆಳಗೆ, ‘ಇಂತಿ ಚೌಡಮ್ಮ.’ ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡು ಆಮೇಲೆ ಕಳಿಸಲು ಬಿಟ್ಟಳು.

ಆರು ಗಂಟೆಯ ಬಸ್ಸು ಕೋಲಾರದ ಕಡೆ ತಿರುಗುವಷ್ಟರಲ್ಲಿ ಫೋನು ಟಿಂಗ್ ಟಿಂಗ್ ಅನ್ನತೊಡಗಿತು. ಎಲ್ಲರೂ ಚೌಡಮ್ಮನಿಗೆ ಕೈಮುಗಿದಿದ್ದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಒಬ್ಬಳು ನನಗೆ ಬೇರೆಯಾಗಿ ಕೇಳಿದ್ದಳು: ‘ಅಕ್ಕಾ, ಟಾರ್ಚು ಬಿಸಿಯಾಗುತ್ತೆ, ಏನು ಮಾಡ್ಲಿ?’ ಉತ್ತರ ನನಗೆ ಗೊತ್ತಿತ್ತು. ಅರ್ಧ ಬರೆದೂಬಿಟ್ಟೆ. ಆಮೇಲೆ ಎಲ್ಲ ಅಳಿಸಿ, ‘ಚೌಡಮ್ಮನ್ನ ಕೇಳು’ ಎಂದು ಒತ್ತಿ, ಕಿಟಕಿಯ ಕಡೆ ತಿರುಗಿ ಮಾವಿನ ತೋಪುಗಳನ್ನು ನೋಡುತ್ತ ಕೂತೆ.