ಮಳೆ ನಿಂತ ಮೇಲೂ ಕೂಗುತ್ತಿದ್ದ ತರಗತಿ

ತರಬೇತಿಯಿಂದ ವಾಪಸು ಬರುವ ಬಸ್ಸಿನಲ್ಲಿ ನಾನು ಕಿಟಕಿಯಾಚೆ ಏನನ್ನೂ ನೋಡಲಿಲ್ಲ. ಬಿಸಿಲೆ ರಸ್ತೆಯ ತಿರುವುಗಳು ಹುಟ್ಟಿದಾಗಿನಿಂದ ಅಭ್ಯಾಸ, ತಲೆಯಲ್ಲಿ ಓಡುತ್ತಿದ್ದುದೇ ಬೇರೆ. ಸಕಲೇಶಪುರದಲ್ಲಿ ಮುಖ್ಯ ಶಿಕ್ಷಕರಿಗೆಂದು ನಡೆದ ತರಬೇತಿಯ ಕೊನೆಗೆ ನಮ್ಮೆಲ್ಲರಿಗೂ ಒಂದು ಕೆಲಸ ಹೊರಿಸಿ ಕಳಿಸಿದ್ದರು. ನಿಮ್ಮ ಶಾಲೆಯ ಒಬ್ಬ ಸಹ ಶಿಕ್ಷಕರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಮುಗಿದ ಮೇಲೆ ಅವರು ತಿದ್ದಿಕೊಳ್ಳಬೇಕಾದ ಒಂದೇ ಒಂದು ವಿಷಯವನ್ನು ಮುಖಕ್ಕೆ ಮುಖ ಕೊಟ್ಟು ಹೇಳಿ. ಮುಂದಿನ ವಾರ ತರಬೇತಿ ಕೊಟ್ಟವರೇ ಶಾಲೆಗೆ ಬಂದು ಏನು ಬದಲಾಗಿದೆ ಅಂತ ನೋಡುತ್ತಾರಂತೆ.

ಹೊಂಗಡಹಳ್ಳದ ಆಚೆಗಿರುವ ನಮ್ಮ ಶಾಲೆಯಲ್ಲಿ ಸಹ ಶಿಕ್ಷಕರು ಅಂತ ಇರುವುದೇ ಒಬ್ಬರು. ಅವರು ನನಗೆ ಅಕ್ಷರ ಕಲಿಸಿದ ಮೇಷ್ಟ್ರು.

ಇದು ಹೇಗೆ ಅಂತ ಹುಬ್ಬೇರಿಸಬೇಡಿ, ಸರ್ಕಾರಿ ಶಾಲೆಗಳಲ್ಲಿ ಹೀಗೂ ಆಗುತ್ತದೆ. ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ಹಿರಿತನದ ಪ್ರಕಾರ ಪ್ರಭಾರ ಅವರಿಗೇ ಬರಬೇಕಿತ್ತು. "ಆ ಆನ್‌ಲೈನು, ಆ ಬಿಸಿಯೂಟ, ಆ ಮೀಟಿಂಗು, ಇವೆಲ್ಲ ನನ್ ಕೈಲಾಗಕಿಲ್ಲ ಕಣಮ್ಮ. ನೀನೇ ಆಗ್ಬುಡು. ನಾನು ಪಾಠ ಮಾಡ್ಕಂಡಿರ್ತೀನಿ" ಅಂತ ಬೀಗದ ಕೈಗಳನ್ನು ನನ್ನ ಮೇಜಿನ ಮೇಲಿಟ್ಟು ಹೋಗಿಬಿಟ್ಟರು. ಅಂದಿನಿಂದ ಮಕ್ಕಳ ಮುಂದೆ ನಾನು 'ಎಚ್ಚೆಮ್ ಮೇಡಂ', ಯಾರೂ ಇಲ್ಲದಾಗ 'ಕಣಮ್ಮ'. ನಾನಂತೂ ಇವತ್ತಿಗೂ ಅವರೆದುರು ಕುರ್ಚಿಯ ತುದಿಯಲ್ಲೇ ಕೂರುವುದು.

ತಿದ್ದಿಕೊಳ್ಳಬೇಕಾದ ವಿಷಯ ಯಾವುದು ಅಂತ ಹುಡುಕುವ ಕಷ್ಟ ನನಗಿರಲಿಲ್ಲ. ಮೇಷ್ಟ್ರಿಗೆ ಕಿವಿ ಕೇಳುತ್ತಿರಲಿಲ್ಲ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ನನಗೇ ಅದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಎಲ್ಲ ಮಳೆಯ ಕಾರಬಾರು. ನಮ್ಮ ಶಾಲೆಗೆ ತಗಡಿನ ಶೀಟು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಒಳಗೆ ಯಾರ ಮಾತೂ ಯಾರಿಗೂ ಕೇಳಿಸದು. ಮೇಷ್ಟ್ರು ಒಂದು ಸಾಲು ಕೂಗಬೇಕು, ಮಕ್ಕಳು ಒಟ್ಟಾಗಿ ಅದನ್ನು ಕಿರುಚಬೇಕು. ಈ ಘಟ್ಟದಂಚಿನ ಶಾಲೆಗಳಲ್ಲಿ ಮಳೆಗಾಲದ ಪಾಠವೇ ಹಾಗೆ. ಗೌರಿ ಹಬ್ಬದ ಹೊತ್ತಿಗೆ ಅರ್ಧ ಮಕ್ಕಳ ಗಂಟಲು ಕಟ್ಟಿರುತ್ತದೆ. "ಆ? ಏನಂದೆ?" ಅಂತ ಒಬ್ಬರನ್ನೊಬ್ಬರು ದಿನಕ್ಕೆ ನೂರು ಸಲ ಕೇಳಿದರೂ ನಾವು ಅದನ್ನು ಕಿವುಡು ಅನ್ನುವುದಿಲ್ಲ, ಮಳೆ ಅನ್ನುತ್ತೇವೆ. ಹಾಗೆ ಎಷ್ಟು ಮಳೆಗಾಲ ದಾಟಿತೋ! ಕಳೆದ ವರ್ಷ ಮಳೆ ಹಿಂದಾಯಿತು, ತೋಟಗಳಲ್ಲಿ ಕಾಫಿ ಹಣ್ಣಾಯಿತು, ಐದನೇ ತರಗತಿಯ ಕೂಗು ಮಾತ್ರ ನಿಲ್ಲಲಿಲ್ಲ. ಆಫೀಸು ಕೋಣೆಯಲ್ಲಿ ಕೂತವಳಿಗೆ ಒಂದು ಮಧ್ಯಾಹ್ನ ಥಟ್ಟನೆ ಅನಿಸಿತು, ಅರೆ, ಹೊರಗೆ ಬಿಸಿಲಿದೆ, ಈ ಮಕ್ಕಳು ಯಾಕೆ ಕಿರುಚುತ್ತಿದ್ದಾರೆ? ಎದ್ದುಹೋಗಿ, ಪಾಠ ಮುಗಿಸಿ ಜಗಲಿಯಲ್ಲಿ ಹೋಗುತ್ತಿದ್ದ ಮೇಷ್ಟ್ರನ್ನು ಹಿಂದಿನಿಂದ "ಸಾರ್" ಅಂದೆ. ಮತ್ತೆ ಅಂದೆ. ಅವರು ತಿರುಗಲಿಲ್ಲ. 

ಆಮೇಲೆ ನೋಡಿ, ನೆಮ್ಮದಿ ಹೋಯಿತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಸಣ್ಣ ಕಾಫಿ ತೋಟದವರು, ಮಗಳು ಅದೇ ಐದನೇ ತರಗತಿ. ನಾನು ತರಬೇತಿಗೆ ಹೊರಡುವ ಮುಂಚೆ ಗೇಟಿನ ಹತ್ತಿರ ಬೈಕು ನಿಲ್ಲಿಸಿ ಹೇಳಿದರು.

"ಮೇಷ್ಟ್ರು ಒಳ್ಳೇರೇಯ ಮೇಡಂ, ಇಲ್ಲ ಅನ್ನಕಿಲ್ಲ. ಆದ್ರೆ ಮಕ್ಳು ಕೇಳಿದ್ದು ಅವ್ರಿಗೆ ಕೇಳ್ಸಕಿಲ್ವಂತೆ. ಊರಾಗೆ ಮಾತು ಶುರುವಾಗೈತೆ. ನಾಕು ಜನ ಸೇರಿ ಬಿಇಓಗೆ ಅರ್ಜಿ ಕೊಟ್ಬುಟ್ರೆ ಆಮೇಲೆ ನನ್ನ ಬೈಬ್ಯಾಡಿ ಕಣ್ರೀ."

ಅರ್ಜಿ ಹೋದರೆ ಏನಾಗುತ್ತದೆಂದು ನನಗೆ ಗೊತ್ತು. ವಿಚಾರಣೆ ಬರುತ್ತದೆ, ತರಗತಿಯಿಂದ ಎಬ್ಬಿಸಿ ಯಾವುದೋ ಕಚೇರಿಯ ಮೂಲೆಯಲ್ಲಿ ಕೂರಿಸುತ್ತಾರೆ. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿರುವ ಮನುಷ್ಯ, ಪಾಠ ಬಿಟ್ಟರೆ ಬೇರೆ ಬದುಕಿಲ್ಲದ ಮನುಷ್ಯ. ಮುಂದಿನ ವಾರ ಬರುವವರು ಹಿಂದಿನ ಬೆಂಚಿನಲ್ಲಿ ಕೂತರೆ ಐದು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಪರರಿಂದ ಅವರಿಗೆ ತಿಳಿಯುವ ಮೊದಲು ನಾನೇ ಹೇಳಬೇಕಿತ್ತು. ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಹೇಳುವುದು ಹೇಗೆ ಅಂತಲೂ ತರಬೇತಿಯಲ್ಲಿ ಕಲಿಸಿದ್ದರು. ಮೊದಲು ಒಂದು ಮೆಚ್ಚುಗೆ, ನಡುವೆ ಸಲಹೆ, ಕೊನೆಗೆ ಮತ್ತೊಂದು ಮೆಚ್ಚುಗೆ. ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ನುಂಗಿಸಿದ ಹಾಗೆ. ಜೋಡಿ ಜೋಡಿಯಾಗಿ ಕೂರಿಸಿ ಅಭ್ಯಾಸ ಮಾಡಿಸಿದರು. ನನ್ನ ಜೋಡಿ ಆಲೂರು ಕಡೆ ಪಾಳ್ಯದ ಒಬ್ಬ ಮುಖ್ಯ ಶಿಕ್ಷಕಿ, ಗಟ್ಟಿ ಹೆಂಗಸು. ಅವರು ಸಹ ಶಿಕ್ಷಕಿಯಾಗಬೇಕು, ನಾನು ತಪ್ಪು ಹೇಳಬೇಕು. ನಾನು ಮೆಚ್ಚಿದೆ, ಮತ್ತೆ ಮೆಚ್ಚಿದೆ, ಇನ್ನೂ ಮೆಚ್ಚಿದೆ.

"ಅಯ್ಯೋ ಮಾರಾಯ್ತಿ, ಬರೀ ಹಣ್ಣೇ ತಿನ್ನುಸ್ತಾ ಇದ್ದೀಯಲ್ಲ, ಮಾತ್ರೆ ಎಲ್ಲಿ?" ಅಂತ ಅವರು ಜೋರಾಗಿ ನಕ್ಕರು. ಊಟದ ಹೊತ್ತಿಗೆ ತಡೆಯಲಾರದೆ ಅವರಿಗೆ ನಿಜ ಸಂಗತಿ ಹೇಳಿಬಿಟ್ಟೆ. ನಗು ನಿಂತಿತು. "ಹೇಳ್ಬುಡು ಕಣೆ. ನೀನು ಹೇಳುದ್ರೆ ಬೇಜಾರು, ಬೇರೆಯೋರು ಹೇಳುದ್ರೆ ಅವಮಾನ" ಅಂದರು.

ಮಾರನೆಯ ದಿನ ತರಬೇತಿಯವರು ಕೊಟ್ಟ ಕಾಗದವನ್ನು ಮೇಷ್ಟ್ರಿಗೆ ಓದಲು ಕೊಟ್ಟು, ಐದನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆ. ಮೇಷ್ಟ್ರು ನನ್ನ ಕಡೆ ನೋಡಿ, "ಏಳ್ರೋ, ಎಚ್ಚೆಮ್ ಮೇಡಂ ಇವತ್ತು ನಮ್ ಪರೀಕ್ಷೆ ಮಾಡಕ್ಕೆ ಬಂದವ್ರೆ" ಅಂತ ಮಕ್ಕಳನ್ನು ನಗಿಸಿದರು. ಭಿನ್ನರಾಶಿಯ ಪಾಠ. ಜೇಬಿನಿಂದ ತೋಟದ ಕಿತ್ತಳೆ ತೆಗೆದು ಸುಲಿದು ತೊಳೆ ಬಿಡಿಸಿದರು, ಒಂದೊಂದು ತೊಳೆಯೂ ಇಡೀ ಹಣ್ಣಿನ ಒಂದು ಪಾಲು ಅಂದರು. ಎಂಥ ಪಾಠ ಅಂತೀರಿ! ಆ ತರಬೇತಿಯವರೆಲ್ಲ ಬಂದು ಇವರ ಹತ್ತಿರ ಕಲಿಯಬೇಕು ಅನಿಸಿತು.

ಆಗ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಿಂದ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಮೆತ್ತಗಿನ ದನಿ. "ಸಾರ್, ಒಂದು ತೊಳೆ ದೊಡ್ಡದೈತೆ, ಒಂದು ಸಣ್ಣದೈತೆ. ಎರಡೂ ಒಂದೇ ಪಾಲು ಹೆಂಗಾಯ್ತದೆ?"

ಪಾಲುಗಳು ಸಮವಿರಬೇಕೆಂಬ ಭಿನ್ನರಾಶಿಯ ಜೀವಾಳವನ್ನೇ ಕೇಳಿಬಿಟ್ಟಿದ್ದಳು. ಮೇಷ್ಟ್ರು ನಗುನಗುತ್ತಾ "ಭೇಷ್, ಕೂತ್ಕೋ" ಅಂದು ಬೋರ್ಡಿನ ಕಡೆ ತಿರುಗಿದರು. ಅವಳು ಕೂತಳು. ಪಕ್ಕದವಳು ಅವಳ ಮುಖ ನೋಡಿ, ಮುಂದಿನ ಬೆಂಚಿಗೆ ಸನ್ನೆ ಮಾಡಿದಳು. ಆಮೇಲೆ ಇಡೀ ತರಗತಿಯೇ ಎದ್ದು ಅದೇ ಪ್ರಶ್ನೆಯನ್ನು ಸೂರು ಹಾರುವ ಹಾಗೆ ಕೂಗಿತು. ಮೇಷ್ಟ್ರ ಮುಖ ಅರಳಿತು. "ಎಂಥಾ ಪ್ರಶ್ನೆ ಕೇಳುದ್ರಿ!" ಅಂತ ಎಲ್ಲರಿಗಿಂತ ಜೋರಾಗಿ ಕಿರುಚಿದವನ ಬೆನ್ನು ತಟ್ಟಿದರು. ಹುಡುಗಿ ತಲೆ ತಗ್ಗಿಸಿ ಬೆಂಚಿನ ಮರ ಕೆರೆಯುತ್ತಾ ಕೂತಳು, ಪಾಠ ಮುಗಿಯುವ ತನಕ ಮತ್ತೆ ಬಾಯಿ ಬಿಡಲಿಲ್ಲ. ಅಲ್ಲಿಯವರೆಗೆ ನನ್ನ ಸಂಕಟವೆಲ್ಲ ಮೇಷ್ಟ್ರ ಬಗ್ಗೆಯೇ ಇತ್ತು.

ಊಟದ ಗಂಟೆಯಾಯಿತು. ಮಕ್ಕಳು ತಟ್ಟೆ ಹಿಡಿದು ಅಂಗಳದಲ್ಲಿ ಸಾಲು ನಿಂತಿದ್ದರು. ಮೇಷ್ಟ್ರು ಜಗಲಿಯ ಕಂಬಕ್ಕೆ ಒರಗಿ, "ಹೇಳಮ್ಮ, ನಾನೇನು ತಿದ್ಕಬೇಕು?" ಅಂದರು. ಕಲಿಸಿಕೊಟ್ಟ ಹಾಗೆ ಕಿತ್ತಳೆಯನ್ನು ಹೊಗಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.  ತಲೆ ತಗ್ಗಿಸಿ, ನೆಲ ನೋಡುತ್ತಾ, ಸಣ್ಣ ದನಿಯಲ್ಲಿ ಅಂದೆ, "ಸಾರ್, ನಿಮಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ."

"ಹೂಂ, ಹೂಂ, ಸರಿ ಐತೆ ನೀನು ಹೇಳಿದ್ದು" ಅಂತ ತಲೆಯಾಡಿಸಿದರು. "ತಿದ್ಕತೀನಿ ಬುಡು."

ಅವರಿಗೆ ಕೇಳಿಸಿರಲಿಲ್ಲ. ಅಲ್ಲಿಗೇ ಬಿಡಬಹುದಿತ್ತು. ಹೇಳುವುದು ಹೇಳಿದ್ದೆ, ಅವರು ಒಪ್ಪಿದ್ದರು, ಇಬ್ಬರ ಮಾನವೂ ಉಳಿದಿತ್ತು. ಊಟಕ್ಕೆ ಹೋಗಲೆಂದು ಅವರು ತಿರುಗಿಯೂ ಬಿಟ್ಟರು.  ಈಗ ಬಿಟ್ಟರೆ ಇನ್ನೆಂದೂ ನನ್ನ ಬಾಯಿಂದ ಹೊರಡದು ಅಂತ ಗೊತ್ತಾಯಿತು. ಅವರ ತೋಳು ಹಿಡಿದು ನಿಲ್ಲಿಸಿದೆ. ನನಗೆ ಅಕ್ಷರ ಕಲಿಸಿದವರ ಮುಖಕ್ಕೆ ಎದುರಾಗಿ ನಿಂತು, ಗಂಟಲು ಹರಿಯುವ ಹಾಗೆ ಕೂಗಿದೆ.

"ಸಾರ್, ನಿಮಗೆ ಕಿವಿ ಕೇಳಿಸಲ್ಲಾ!"

 ಅಡುಗೆಯವರು ಸೌಟು ಎತ್ತಿದವರು ಎತ್ತಿದ ಹಾಗೇ ನಿಂತರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಜಗಲಿಯ ಕಡೆ ತಿರುಗಿದರು. ನೆಲ ಬಾಯಿ ಬಿಡಬಾರದೇ ಅನಿಸಿತು. ಏನೆಲ್ಲ ನಾಜೂಕು ಕಲಿಸಿ ಕಳಿಸಿದ್ದರು, ನಾನು ಮಾಡಿದ್ದು ಇದು.

ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಅಂಗಳ ನೋಡಿದರು.

"ಇವ್ರಿಗೆಲ್ಲ ಗೊತ್ತಾ?"

ಹೌದೆಂದು ತಲೆಯಾಡಿಸಿದೆ.

"ಹಾಸ್ನಕ್ಕೆ ಹೋಗಿ ತೋರುಸ್ಕಂಬತ್ತೀನಿ. ಮುಂದಿನ ವಾರ ಬರೋರಿಗೆ ನೀನೇನೂ ಹೇಳ್ಬ್ಯಾಡ, ನಾನೇ ಹೇಳ್ತೀನಿ" ಅಂದರು. ದನಿ ಸರಿಯಾಗಿಯೇ ಇತ್ತು. ನಾನು ಉಸಿರು ಬಿಟ್ಟೆ. ಅವರು ಮೆಟ್ಟಿಲಿಳಿಯಲು ಹೋದವರು ಕಂಬ ಹಿಡಿದು ನಿಂತರು. ನಾನು ಎಷ್ಟೋ ವರ್ಷಗಳಿಂದ ಕಂಡ ಮುಖ, ಅದಕ್ಕೆ ಅಳು ಬರುವುದನ್ನು ಎಂದೂ ನೋಡಿರಲಿಲ್ಲ.

"ಈ ಲೈನ್ ಮಕ್ಳು, ಕೂಲಿ ಮಾಡೋರ್ ಮಕ್ಳು, ಕೇಳುದ್ರೆ ಬಾಯೇ ಬಿಡ್ತಿರ್ಲಿಲ್ಲ ಕಣಮ್ಮ. ಒಂದೆರಡು ವರ್ಷದಿಂದ ಹಿಂಗೆ ಎದ್ದು ನಿಂತು ಕೂಗೋಕೆ ಶುರು ಮಾಡುದ್ರು. ನಾನು ನನ್ ಪಾಠದಿಂದ ಅವ್ರಿಗೆ ಧೈರ್ಯ ಬಂತು ಅನ್ಕಂಡಿದ್ದೆ."