ಅತ್ತಿಗೆಯ ಒಣ ಸೆರಗು

ಅಮ್ಮ ತೀರಿಕೊಂಡ ದಿನ ನಮ್ಮತ್ತಿಗೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೆಣದ ತಲೆಯ ಹತ್ತಿರ ಕೂತು, ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಇದ್ದರು. ನಾಟಕ ಅನ್ನಿಸಿತು. ಪಕ್ಕದಲ್ಲೇ ಕೂತು, ಯಾರಿಗೂ ಕಾಣದ ಹಾಗೆ ಆ ಸೆರಗು ಮುಟ್ಟಿ ನೋಡಿದೆ. ಒಣಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಅತ್ತಿಗೆಗೆ ಅಮ್ಮನ ಮೇಲೆ ಪ್ರೀತಿಯಿಲ್ಲ ಎಂಬ ಅನುಮಾನ ಹಳೆಯದೇ. ಎರಡು ವರ್ಷದಿಂದ ಅತ್ತಿಗೆ ಮುದ್ದೆಯ ಒಂದೊಂದು ತುತ್ತಿಗೂ ನೀರು ಕುಡಿದು ನುಂಗುತ್ತಿದ್ದರು. ತಾನು ಮಾಡಿದ್ದು ಸೊಸೆಗೆ ಇಳಿಯಲ್ಲ ಅಂತ ಅಮ್ಮ ನನ್ನ ಹತ್ತಿರ ಹೇಳಿಕೊಂಡು ನೊಂದಿದ್ದಳು. ಬೆಳಿಗ್ಗೆ ಬೆರಳು ಮಡಚಲಾಗದು ಎಂದು ಅತ್ತಿಗೆ ಮುದ್ದೆ ತಿರುವುವುದನ್ನೂ ಅಮ್ಮನಿಗೇ ಬಿಟ್ಟಿದ್ದರಲ್ಲ! ಸೋಮಾರಿತನ, ಇನ್ನೇನು? ತಿಥಿಗೆ ಬಂದ ನೆಂಟರಿಗೆಲ್ಲ ಇದನ್ನು ಬಿಡಿಸಿ ಹೇಳಿದವಳು ನಾನೇ. ಆಮೇಲೆ ಅತ್ತಿಗೆಯ ಜೊತೆ ಮಾತು ಬಿಟ್ಟೆ.

ಮಾವಿನ ಕಾಲ ಬಂತು. ಅತ್ತಿಗೆಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚಿ, ಬಿಸಿಲಿಗೆ ಬರಲೂ ಆಗದಂತಾಯಿತು. ಅಣ್ಣ ಮಾವಿನ ವ್ಯಾಪಾರದ ಮಂಡಿ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ಕೋಲಾರದ ಕಣ್ಣಿನ ಡಾಕ್ಟರಿಗೆ ನೀನೇ ತೋರಿಸಿಕೊಂಡು ಬಾ ಎಂದ. ಶ್ರೀನಿವಾಸಪುರದಲ್ಲಿ ಬಸ್ಸು ಹತ್ತಿ, ಕೋಲಾರದವರೆಗೂ ನಾನು ಬೇರೆ ಸೀಟಿನಲ್ಲೇ ಕೂತೆ.

ಡಾಕ್ಟರಮ್ಮ ಕಣ್ಣು ನೋಡಿ, ಬಾಯಿ ಒಣಗುತ್ತಾ, ಬೆಳಿಗ್ಗೆ ಬೆರಳು ಬಿಗಿಯುತ್ತಾ ಎಂದು ಕೇಳತೊಡಗಿದರು. ಕಣ್ಣು ತೋರಿಸಲು ಬಂದರೆ ಬೆರಳಿನ ಮಾತೇಕೆ? ರಕ್ತಪರೀಕ್ಷೆ ಬರೆಯುವುದಕ್ಕೆ ಪೀಠಿಕೆ ಎಂದು ಅವರ ಮೇಲೂ ನನಗೆ ಗುಮಾನಿ. ಕಣ್ಣೀರು ಎಷ್ಟು ಊರುತ್ತದೆಂದು ನೋಡಲು ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ನಾನು ಕಣ್ಣು ಮಿಟುಕಿಸದೆ ಆ ಪಟ್ಟಿಯನ್ನೇ ನೋಡುತ್ತಿದ್ದೆ. ತುದಿ ಕೂಡ ಸರಿಯಾಗಿ ನೆನೆಯಲಿಲ್ಲ.

ಕಾಯಿಲೆ ಬರೀ ಕಣ್ಣಿನದಲ್ಲವಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು, ಕಣ್ಣೀರು, ಎಂಜಲು ಊರುವ ಗ್ರಂಥಿಗಳನ್ನು, ಕೀಲುಗಳನ್ನು ತಿನ್ನುತ್ತಿರಬಹುದು, ರಕ್ತ ನೋಡಿದರೆ ತಿಳಿಯುತ್ತದೆ ಎಂದರು. ಹೀಗೇ ಬಿಟ್ಟರೆ ಕರಿಗುಡ್ಡೆ ಹುಣ್ಣಾಗಿ ದೃಷ್ಟಿಗೇ ಕುತ್ತಂತೆ. ಅತ್ತರೆ ನೀರು ಬರುತ್ತಾ ಎಂದು ಕೇಳಿದರು.

"ನಮ್ಮತ್ತೇರು ಹೋದ ದಿನ ಅಳ್ತಾನೇ ಇದ್ದೆ ಮೇಡಂ. ಬರೀ ಉರಿ. ನೀರು ಬರ್ಲಿಲ್ಲ," ಎಂದರು ಅತ್ತಿಗೆ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಕಣ್ಣಿಗೆ ಹಾಕುವ ಔಷಧಿ ಕೊಂಡೆವು. ಆ ಪುಟ್ಟ ಬಾಟಲಿ ಹಿಂಡಲೂ ಅವರ ಬೆರಳಿಗೆ ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ಗದ್ದ ಎತ್ತಿ, ನಾನೇ ಹಾಕಿದೆ. ಹೆಚ್ಚಾದದ್ದು ಕೆನ್ನೆ ಮೇಲೆ ಇಳಿಯಿತು. ಅತ್ತಿಗೆ ಅದನ್ನು ಸೆರಗಿನಿಂದ ಒರೆಸಿಕೊಂಡು, ಆ ತುದಿಯನ್ನು ನನ್ನ ಕೈಯಲ್ಲಿಟ್ಟರು.

"ಈಗ ಮುಟ್ಟಿ ನೋಡಮ್ಮ," ಎಂದರು.