ಡಾಕ್ಟರಿಗೆ ಪೇಟ ತೊಡಿಸಿದ ದಿನ

ಎದುರು ಪಕ್ಷದ ವಕೀಲರು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು. ಅದರೊಳಗೆ ಮೈಕ್ ಹಿಡಿದು ಹಲ್ಲು ಕಿರಿಯುತ್ತಿದ್ದವನು ನಾನೇ.

ಕಳೆದ ವಾರದ ಮಾತು. ವಿಜಯವಾಡದ ರಾಜ್ಯ ಗ್ರಾಹಕ ಆಯೋಗ. ಪಕ್ಕದಲ್ಲಿ ನನ್ನ ಹೆಂಡತಿ ಕಸ್ತೂರಿ, ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ವಿಡಿಯೊದಲ್ಲಿ ಅದೇ ಕಸ್ತೂರಿ ನಗುತ್ತಿದ್ದಾಳೆ. "ಡಾಕ್ಟರ್ ಸಾಹೇಬ್ರು ನಮ್ ಪಾಲಿಗೆ ದೇವರಿದ್ದಂಗ. ನಾ ಪೂರಾ ಆರಾಮ ಆಗೀನ್ರಿ" ಎನ್ನುತ್ತಾಳೆ. ಮರುಕ್ಷಣ ತಲೆಯ ಮೇಲೆ ಮೈಸೂರು ಪೇಟ ಹೊತ್ತ ಡಾಕ್ಟರು... ಚಪ್ಪಾಳೆ... ಮುಗಿಯಿತು.

ಆಪರೇಷನ್ ಆದ ಮೇಲೆ ಪೇಷಂಟ್ ಸ್ವತಃ ಹೇಳಿದ ಮಾತಿದು, ಭುಜದ ತೊಂದರೆ ಆಮೇಲೆ ಬಂದದ್ದು, ರೊಟ್ಟಿ ಬಡಿದೂ ಬಡಿದೂ ಬಂದಿರಬೇಕು ಎಂದರು ಆಸ್ಪತ್ರೆಯ ವಕೀಲರು.



ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಬಾಗಲಕೋಟೆ ಕಡೆಯವನು. ವಿಶಾಖಪಟ್ಟಣದ ಸ್ಟೀಲ್ ಪ್ಲಾಂಟಿನ ಗೇಟಿನ ಹೊರಗೆ ಕೈಗಾಡಿಯಲ್ಲಿ ಗ್ಲೌಸ್, ಹೆಲ್ಮೆಟ್ ಮಾರುತ್ತ ಅಲ್ಲೇ ಹತ್ತಿರದ ಗಾಜುವಾಕದಲ್ಲಿ ಅಂಗಡಿ ಹಾಕಿಕೊಂಡವನು.

ನನ್ನ ಬಂಡವಾಳ ಬಾಯಿ. ಕಸ್ತೂರಿಯ ಬಂಡವಾಳ ಬಲಗೈ. ಟೌನ್‌ಶಿಪ್ಪಿನ, ನೇವಿ ಕ್ವಾರ್ಟರ್ಸಿನ ಕನ್ನಡದ ಮನೆಗಳಿಗೆಲ್ಲ ಜೋಳದ ರೊಟ್ಟಿ ಹೋಗುತ್ತಿದ್ದದ್ದು ಅವಳ ಕೈಯಿಂದ. ಮನೆ ನಡೆದದ್ದು ಇವೆರಡರ ಮೇಲೆ.

ಅವಳ ಕುತ್ತಿಗೆಯ ಬಲಗಡೆ ಸಣ್ಣದೊಂದು ಗಂಟು ಕಾಣಿಸಿತು. ತೆಗೆದು ಪರೀಕ್ಷೆಗೆ ಕಳಿಸೋಣ, ದೊಡ್ಡ ಆಪರೇಷನ್ ಏನಲ್ಲ ಎಂದರು ಡಾಕ್ಟರು. ತೆಗೆದರು. ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟ್ ಬಂತು.

ಆ ಖುಷಿಯಲ್ಲಿ ಕೈ ಸರಿಯಾಗಿ ಏಳುತ್ತಿಲ್ಲ ಎನ್ನುವುದು ನಮಗೆ ದೊಡ್ಡದಾಗಿ ಕಾಣಲೇ ಇಲ್ಲ. ಹೊಲಿಗೆಯ ನೋವಿರಬೇಕು ಎಂದುಕೊಂಡೆವು.

ಖುಷಿಯಾದರೆ ನಾವು ಕನ್ನಡ ಸಂಘದವರು ಏನು ಮಾಡುತ್ತೇವೆ? ಸನ್ಮಾನ! ರಾಜ್ಯೋತ್ಸವಕ್ಕೆ ಹೇಗೂ ಒಂದು ತಲೆ ಬೇಕಿತ್ತು. ಡಾಕ್ಟರ ಹೆಸರು ಸೂಚಿಸಿದವನು ನಾನು. ನಿರೂಪಣೆ ನನ್ನದು. ಕಸ್ತೂರಿ ಹೇಳಿದ ಆ ಎರಡು ಸಾಲುಗಳೂ ನಾನು ಬಾಯಿಪಾಠ ಮಾಡಿಸಿದ್ದೇ.

ತಿಂಗಳುಗಳು ಹೋದವು. ಅವಳ ಭುಜ ಜೋತು ಬಿತ್ತು. ಬೇರೆ ಆಸ್ಪತ್ರೆಯ ನರರೋಗ ತಜ್ಞರು ನೋಡಿ, ಗಂಟು ತೆಗೆಯುವಾಗ ಭುಜದ ನರಕ್ಕೆ ಪೆಟ್ಟಾಗಿದೆ ಎಂದರು. ಬೇಗ ಬಂದಿದ್ದರೆ ಜೋಡಿಸಲು ನೋಡಬಹುದಿತ್ತಂತೆ.

"ಬೇಗ" ಎನ್ನುವ ಪದ ಅವತ್ತಿನಿಂದ ನನ್ನ ಎದೆಯಲ್ಲಿ ಕೂತಿದೆ.

ದೂರು ಹಾಕಿದೆವು. ಆಗ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಪುಕ್ಕಟೆ. ಆಸ್ಪತ್ರೆಯ ದಾಖಲೆಗಳನ್ನು ಕೇಳುವುದು ನಮ್ಮ ಹಕ್ಕು. ಕೇಳಿದ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕೆಂದು ನಿಯಮವಿದೆ. ಬರವಣಿಗೆಯಲ್ಲೇ ಕೇಳಿ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವಿದೆ, ಮರೆಯಬೇಡಿ.

ಇನ್ನೊಂದು. ಆಪರೇಷನ್ ಕೆಟ್ಟಿತು ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ವಹಿಸಬೇಕಾದ ಎಚ್ಚರ ವಹಿಸಲಿಲ್ಲ ಎಂದು ತೋರಿಸಬೇಕು... ತೋರಿಸಬೇಕಾದವರು ನಾವು.

ವಿಶಾಖಪಟ್ಟಣದ ಜಿಲ್ಲಾ ಆಯೋಗದಲ್ಲಿ ಗೆದ್ದೆವು. ಆಸ್ಪತ್ರೆಯವರು ವಿಜಯವಾಡಕ್ಕೆ ಮೇಲ್ಮನವಿ ಹಾಕಿದರು, ಈ ವಿಡಿಯೊ ಹಿಡಿದುಕೊಂಡು.

ಹೊರಗೆ ವರಾಂಡದಲ್ಲಿ ನಮ್ಮ ವಕೀಲರಾದ ಮೇಡಂ ತೆಲುಗಿನಲ್ಲೇ ಗದರಿದರು. "ಈ ಫಂಕ್ಷನ್ ವಿಷಯ ನನಗೆ ಯಾಕಂಡಿ ಹೇಳಲಿಲ್ಲ? ನಿಮ್ಮ ಕೇಸಿಗೆ ನೀವೇ ಹಾರ ಹಾಕಿದ್ದೀರಲ್ಲ ಸಾರ್!"

ಬಾಯಿಯೇ ಬಂಡವಾಳ ಎಂದೆನಲ್ಲ, ಅವತ್ತು ದಿವಾಳಿ.

ಆಗ ಕಸ್ತೂರಿ ನನ್ನತ್ತ ತಿರುಗಿದಳು. "ಪೇಟ ಹಾಕಿದಾವರು ಯಾರ್ರಿ? ನಾನೇನು?"

"ನಾನೇ" ಎಂದೆ.

"ಮೈಕಿನ್ಯಾಗ ಏನಂದ್ರಿ ನೀವು? ನೆನಪೈತೋ ಇಲ್ಲೋ?"

ನೆನಪಾಯಿತು. ಪೇಟ ತೊಡಿಸಬೇಕಾದವಳು ಅವಳು. ಎರಡೂ ಕೈಯಲ್ಲಿ ಹಿಡಿದು ಡಾಕ್ಟರ ಮುಂದೆ ನಿಂತಳು. ಎದೆಮಟ್ಟಕ್ಕೆ ಬಂದ ಪೇಟ ಮೇಲೆ ಹೋಗಲಿಲ್ಲ. ಡಾಕ್ಟರು ತಲೆ ತಗ್ಗಿಸಿದರು. ಆದರೂ ಆಗಲಿಲ್ಲ. "ಕೈ ಏಳವಲ್ದ್ರೀ, ನೀವ ಹಾಕ್ರಿ" ಎಂದು ಪಿಸುಗುಟ್ಟಿದಳು.

ಸ್ಟೇಜಿನ ಮೇಲೆ ಮೌನ ಬಿದ್ದರೆ ನಿರೂಪಕನಿಗೆ ನಷ್ಟ. ನಾನು ಮೈಕಿನಲ್ಲಿ ಅಂದೆ: "ನೋಡ್ರಿ, ಮನ್ಯಾಗ ನನ್ನ ಮ್ಯಾಲ ಲಟ್ಟಣಿಗಿ ಎತ್ತೋ ಕೈ, ಇಲ್ಲಿ ಒಂದ್ ಪೇಟ ಎತ್ತಾಕ ನಾಚಾಕತ್ತೈತಿ!"

ಸಭೆ ಗೊಳ್ಳೆಂದು ನಕ್ಕಿತು. ಡಾಕ್ಟರೂ ನಕ್ಕರು. ನಾನು ಪೇಟ ಇಸಿದುಕೊಂಡು ತೊಡಿಸಿದೆ.

ಮೇಡಂಗೆ ಇದನ್ನು ಹೇಳಿದಾಗ ಅವರು ಫೈಲು ಮುಚ್ಚಿ ನಿಂತುಬಿಟ್ಟರು. "ಅಂದರೆ ಕೈ ಏಳದಿದ್ದದ್ದನ್ನು ಡಾಕ್ಟರು ಎದುರಿಗೇ ನಿಂತು ನೋಡಿದ್ದಾರೆ. ಆದರೂ ಪರೀಕ್ಷೆಗೆ ಕರೆಯಲಿಲ್ಲ. ಅವರು ವಿಡಿಯೊದಿಂದ ಕತ್ತರಿಸಿ ತೆಗೆದಿರುವ ಆ ತುಂಡು ನನಗೆ ಬೇಕು ಸಾರ್."

ಆಸ್ಪತ್ರೆಯವರು ಪೂರ್ತಿ ವಿಡಿಯೊ ತಮ್ಮಲ್ಲಿಲ್ಲ ಎನ್ನುತ್ತಿದ್ದಾರೆ. ನಮ್ಮ ಫೋಟೊಗ್ರಾಫರ್ ಹಾರ್ಡ್ ಡಿಸ್ಕ್ ಖಾಲಿ ಮಾಡಿ ಎಷ್ಟೋ ಮದುವೆಗಳಾಗಿವೆ. ಮುಂದಿನ ತಾರೀಖು ಹತ್ತಿರ ಬರುತ್ತಿದೆ.

ಸನ್ಮಾನದ ಸಂಜೆ ಮುಂದಿನ ಸಾಲುಗಳಲ್ಲಿ ಕೂತು ಮೊಬೈಲ್ ಎತ್ತಿ ಹಿಡಿದಿದ್ದವರು ಹೆಚ್ಚಿನವರು ನೇವಿಯ ಕುಟುಂಬದವರು. ವರ್ಗವಾಗಿ ಈಗ ಯಾರು ಕಾರವಾರದಲ್ಲಿದ್ದೀರೋ, ಯಾರು ಕೊಚ್ಚಿಯಲ್ಲೋ, ಮುಂಬೈಯಲ್ಲೋ ನನಗೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಡಾಕ್ಟರ, ಆಸ್ಪತ್ರೆಯ ಹೆಸರನ್ನು ದಯವಿಟ್ಟು ಕಾಮೆಂಟಿನಲ್ಲಿ ಹಾಕಬೇಡಿ. ವಿಡಿಯೊ ಇದ್ದರೆ ಎಡಿಟ್ ಮಾಡದೆ, ಇದ್ದದ್ದು ಇದ್ದ ಹಾಗೆ ನನಗೆ ಕಳಿಸಿ, ಫೋನನ್ನೂ ಜೋಪಾನವಾಗಿಡಿ.

ರೈಲಿನಲ್ಲಿ ವಾಪಸು ಬರುವಾಗ ಕಸ್ತೂರಿ ಹೇಳಿದಳು: "ಆ ವಿಡಿಯೊ ಸಿಕ್ಕರ ನಿಮ್ಮ ಜೋಕು ಕೋರ್ಟಿನ್ಯಾಗೂ ಕೇಳಸ್ತೈತಿ. ಅವತ್ತರ ನಗಬ್ಯಾಡ್ರಿ."

ಆ ಸಂಜೆ ನೀವೆಲ್ಲ ನಕ್ಕ ನಗು, ನಿಮ್ಮಲ್ಲಿ ಯಾರ ಹಳೆಯ ಫೋನಿನಲ್ಲಾದರೂ ಇನ್ನೂ ಉಳಿದಿದೆಯೇ?